ಸ್ನೋಬೋರ್ಡಿನ ಹಳೇ ರೇಸು ಒಲಿಂಪಿಕ್ಸ್‌ನಲ್ಲಿ ಉಳಿಯುತ್ತಾ?

ಚಳಿಗಾಲದ ಒಲಿಂಪಿಕ್ಸ್ ಸುದ್ದಿಗಳಲ್ಲಿ ಈಚೆಗೆ ಒಂದು ಉದ್ದನೆಯ ಹೆಸರು ಪದೇ ಪದೇ ಬರುತ್ತಿದೆ: ಪ್ಯಾರಲಲ್ ಜೈಂಟ್ ಸ್ಲಾಲಮ್. ಇದು ಸ್ನೋಬೋರ್ಡಿನ ರೇಸು, ಅಂದರೆ ಎರಡೂ ಪಾದಗಳನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟದ ರೇಸು. 2026ರ ಮಿಲಾನ್-ಕೊರ್ಟಿನಾ ಕೂಟದಲ್ಲಿ ಇದಕ್ಕೆ ಜಾಗ ಇತ್ತು. 2030ರಲ್ಲಿ ಫ್ರೆಂಚ್ ಆಲ್ಪ್ಸ್‌ನಲ್ಲಿ ನಡೆಯುವ ಕೂಟದಲ್ಲಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿದೆ. ರೇಸಿನ ಆಟಗಾರರು ಇದನ್ನು ಉಳಿಸಿ ಎಂದು ದನಿ ಎತ್ತಿದ್ದಾರೆ.

ಓದುವವರಿಗೆ ಗೊಂದಲ ಆಗುವುದು ಸಹಜ. ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಬೆಳೆಯುತ್ತಲೇ ಬಂದಿದೆ. 1998ರಲ್ಲಿ ಗಂಡಸರಿಗೆ ಎರಡು, ಹೆಂಗಸರಿಗೆ ಎರಡು, ಒಟ್ಟು ನಾಲ್ಕು ಸ್ಪರ್ಧೆಗಳಿದ್ದವು. 2022ರ ಹೊತ್ತಿಗೆ ಅವು 11 ಆದವು. ಇಷ್ಟು ಬೆಳೆದ ಆಟದಲ್ಲಿ, ಮೊದಲ ದಿನದಿಂದ ಇದ್ದ ರೇಸನ್ನೇ ತೆಗೆಯುವ ಮಾತು ಯಾಕೆ ಬಂತು? ಉತ್ತರ ಬೇಕಾದರೆ ಒಲಿಂಪಿಕ್ಸ್‌ಗಿಂತ ತುಂಬಾ ಹಿಂದಕ್ಕೆ ಹೋಗಬೇಕು.

ಈ ರೇಸು ಹೇಗೆ ನಡೆಯುತ್ತದೆ

ಇಳಿಜಾರಿನಲ್ಲಿ ಅಕ್ಕಪಕ್ಕ ಎರಡು ದಾರಿ. ಒಂದರಲ್ಲಿ ಕೆಂಪು ಗೇಟುಗಳು (ಹಿಮದಲ್ಲಿ ನೆಟ್ಟ ಬಾವುಟದ ಕಂಬಗಳು), ಇನ್ನೊಂದರಲ್ಲಿ ನೀಲಿ. ಇಬ್ಬರು ಒಟ್ಟಿಗೇ ಹೊರಡುತ್ತಾರೆ. ಗೇಟುಗಳ ಸುತ್ತ ಎಡಕ್ಕೆ ಬಲಕ್ಕೆ ತಿರುಗುತ್ತಾ ಇಳಿಯುತ್ತಾರೆ. ಮೊದಲು ಕೆಳಗೆ ಮುಟ್ಟಿದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಅಂಕ ಇಲ್ಲ, ತೀರ್ಪುಗಾರರ ಅಭಿಪ್ರಾಯ ಇಲ್ಲ. ಮೊದಲ ಸಲ ನೋಡುವವರಿಗೂ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ.

ಇದರ ಸಾಮಾನುಗಳೇ ಬೇರೆ. ಸಾಮಾನ್ಯವಾಗಿ ಬೆಟ್ಟದ ಮೇಲೆ ಕಾಣುವ ಸ್ನೋಬೋರ್ಡು ಸ್ವಲ್ಪ ಬಾಗುತ್ತದೆ, ಬೂಟು ಮೆತ್ತಗಿರುತ್ತದೆ. ರೇಸಿನ ಬೋರ್ಡು ಉದ್ದ, ಬಿಗಿ, ಕಿರಿದು. ಬೂಟು ಸ್ಕೀ ಬೂಟಿನಂತೆ ಗಟ್ಟಿ. ಆಟಗಾರರ ಮೈ ಪಕ್ಕಕ್ಕಲ್ಲ, ಹೆಚ್ಚುಕಡಿಮೆ ಮುಂದಕ್ಕೆ ತಿರುಗಿರುತ್ತದೆ. ಬೋರ್ಡಿನ ಅಂಚು ಗಟ್ಟಿ ಹಿಮವನ್ನು ಕೊಯ್ದುಕೊಂಡು ಹೋಗುತ್ತದೆ. ಆ ತಿರುವಿನಲ್ಲಿ ಆಟಗಾರರ ಸೊಂಟ ನೆಲಕ್ಕೆ ತಾಗುವಷ್ಟು ಹತ್ತಿರ ಬರುತ್ತದೆ.

ಈ ಗಟ್ಟಿ ಬೂಟನ್ನು ನೆನಪಿಟ್ಟುಕೊಳ್ಳಿ. ಜಗಳದ ಅರ್ಧ ಭಾಗ ಅದರಲ್ಲೇ ಇದೆ.

ಆಟ ಬೆಳೆದದ್ದೇ ರೇಸಿನಿಂದ

ರೇಸನ್ನು ಕೈಬಿಡಬಹುದು ಅನ್ನುವವರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ. ಸ್ನೋಬೋರ್ಡಿಂಗ್ ಅಂದರೆ ಹಾರುವುದು, ಲಾಗ ಹಾಕುವುದು, ತನ್ನದೇ ಶೈಲಿ ತೋರಿಸುವುದು. ಗೇಟುಗಳ ನಡುವೆ ಗಡಿಯಾರ ನೋಡಿಕೊಂಡು ಇಳಿಯುವುದು ಸ್ಕೀಯಿಂಗ್‌ನಿಂದ ತಂದು ಅಂಟಿಸಿದ್ದು ಎಂದು. ಕೇಳಲು ಇದು ಸರಿ ಅನ್ನಿಸುತ್ತದೆ. ಇತಿಹಾಸ ಬೇರೆ ಹೇಳುತ್ತದೆ.

1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪಾಪನ್ ಎಂಬುವರು ತಮ್ಮ ಹೆಣ್ಣುಮಕ್ಕಳಿಗೆ ಆಡಲು ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿದರು. ಅವರ ಹೆಂಡತಿ ನ್ಯಾನ್ಸಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟರು. ಹಿಮ ಮತ್ತು ಸರ್ಫಿಂಗ್ ಎರಡನ್ನೂ ಕೂಡಿಸಿದ ಹೆಸರು ಅದು. ಪಾದ ಕಟ್ಟಿಕೊಳ್ಳಲು ಏನೂ ಇರಲಿಲ್ಲ, ಹಿಡಿದುಕೊಳ್ಳಲು ಮುಂದೆ ಒಂದು ಹಗ್ಗ ಅಷ್ಟೇ. ಬ್ರನ್ಸ್‌ವಿಕ್ ಕಂಪನಿ ಇದನ್ನು ಆಟದ ಸಾಮಾನಾಗಿ ಮಾರಿತು. ಲಕ್ಷಗಟ್ಟಲೆ ಮಾರಾಟವಾಯಿತು. ಹಲಗೆ ಕೈಗೆ ಬಂದ ಮೇಲೆ ಜನ ಏನು ಮಾಡಿದರು? ಯಾರು ಮೊದಲು ಕೆಳಗೆ ಮುಟ್ಟುತ್ತಾರೆ ನೋಡೋಣ ಅಂದರು. ಮಸ್ಕೀಗನ್‌ನಲ್ಲೇ ಸ್ನರ್ಫರ್ ರೇಸುಗಳು ಶುರುವಾದವು.

1979ರ ರೇಸಿಗೆ ವರ್ಮಾಂಟ್‌ನಿಂದ ಜೇಕ್ ಬರ್ಟನ್ ಕಾರ್ಪೆಂಟರ್ ಬಂದರು. ಎರಡು ವರ್ಷ ಹಿಂದೆ ಬೋರ್ಡು ತಯಾರಿಸುವ ಕಂಪನಿ ಶುರುಮಾಡಿದ್ದರು. ಅವರ ಬೋರ್ಡಿನಲ್ಲಿ ಪಾದ ಹಿಡಿದಿಡುವ ಪಟ್ಟಿ ಇತ್ತು. ಇದು ಸ್ನರ್ಫರ್ ಅಲ್ಲ ಎಂದು ಬೇರೆಯವರು ತಕರಾರು ಮಾಡಿದರು. ಕೊನೆಗೆ ಬೇರೆ ವಿಭಾಗ ಮಾಡಿ ಬಿಟ್ಟರು, ಅದರಲ್ಲಿ ಅವರು ಗೆದ್ದರು. ಅದೇ ಕೂಟದಲ್ಲಿ ಪಾಲ್ ಗ್ರೇವ್ಸ್ ಎಂಬುವರು ಇಳಿಯುತ್ತಾ ಇಳಿಯುತ್ತಾ ಪೂರ್ತಿ ಸುತ್ತು ತಿರುಗಿ, ಮೊಣಕಾಲೂರಿ, ಕೊನೆಗೆ ಲಾಗ ಹೊಡೆದು ಜನರನ್ನು ರಂಜಿಸಿದರು. ಇವತ್ತು ಎರಡು ಪಕ್ಷಗಳಾಗಿ ನಿಂತಿರುವ ರೇಸು ಮತ್ತು ಕಸರತ್ತು ಆವತ್ತು ಒಂದೇ ಬೆಟ್ಟದಲ್ಲಿ ಒಟ್ಟಿಗೇ ಇದ್ದವು.

1982ರಲ್ಲಿ ವರ್ಮಾಂಟ್‌ನ ಸೂಯಿಸೈಡ್ ಸಿಕ್ಸ್ ಎಂಬಲ್ಲಿ ಇದೇ ಗ್ರೇವ್ಸ್ ಅಮೆರಿಕದ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಸಿದರು. ಅಲ್ಲಿದ್ದದ್ದು ಡೌನ್‌ಹಿಲ್ ಮತ್ತು ಸ್ಲಾಲಮ್. ಎರಡೂ ರೇಸುಗಳೇ. ಲಾಗ ಹಾಕಿ ಖುಷಿಪಡಿಸಿದ ಮನುಷ್ಯನೇ ರೇಸನ್ನು ನಡೆಸಿದ್ದು ನನಗೆ ಈ ಇತಿಹಾಸದಲ್ಲಿ ತುಂಬಾ ಇಷ್ಟವಾದ ಸಂಗತಿ.

1983: ಹಾಫ್‌ಪೈಪ್ ಯಾಕೆ ಎಂಬ ಜಗಳ

ಮರುವರ್ಷ ಕ್ಯಾಲಿಫೋರ್ನಿಯಾದ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಟಾಮ್ ಸಿಮ್ಸ್ ಒಂದು ವಿಶ್ವ ಚಾಂಪಿಯನ್‌ಶಿಪ್ ಏರ್ಪಡಿಸಿದರು. ಸಿಮ್ಸ್ ಸ್ಕೇಟ್‌ಬೋರ್ಡಿನ ಮನುಷ್ಯ. ಹಿಮವನ್ನು ಕಡೆದು ಉದ್ದಕ್ಕೆ ಸೀಳಿದ ಕೊಳವೆಯಂತೆ ಮಾಡಿ, ಅದರ ಎರಡು ಗೋಡೆಗಳ ಮೇಲೆ ಹತ್ತಿ ಹಾರುವ ಸ್ಪರ್ಧೆಯನ್ನೂ ಇಟ್ಟರು. ಅದೇ ಹಾಫ್‌ಪೈಪ್. ಪೂರ್ವ ಭಾಗದಿಂದ ಬಂದ ಬರ್ಟನ್ ಕಡೆಯ ಆಟಗಾರರು ಸಿಟ್ಟಾದರು. ಇದಕ್ಕೂ ಸ್ನೋಬೋರ್ಡಿಂಗ್‌ಗೂ ಏನು ಸಂಬಂಧ, ನಾವು ಆಡುವುದಿಲ್ಲ ಅಂದರು.

ಇವತ್ತಿನ ಜಗಳವನ್ನು ಹಾಗೇ ತಿರುಗಿಸಿ ಹಾಕಿದಂತಿದೆ, ಅಲ್ವಾ? ಆಗ ರೇಸು ಸಹಜ, ಹಾಫ್‌ಪೈಪ್ ಹೊರಗಿನದು. ಈಗ ಹಾಫ್‌ಪೈಪ್ ಸಹಜ, ರೇಸು ಹೊರಗಿನದು. ಯಾವುದು ಅಸಲಿ ಎಂಬ ಮಾತು ಆಯಾ ಕಾಲದ ರುಚಿಗೆ ತಕ್ಕಂತೆ ಬದಲಾಗಿದೆ. ಹಾಗಾಗಿ ಒಲಿಂಪಿಕ್ಸ್‌ನಿಂದ ಒಂದು ಸ್ಪರ್ಧೆಯನ್ನು ತೆಗೆಯಲು ಈ ಕಾರಣ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಕೀ ಸಂಸ್ಥೆಯ ಕೈಗೆ ಹೋದದ್ದು

ಮೊದಮೊದಲು ಸ್ಕೀ ರೆಸಾರ್ಟುಗಳು ಬೋರ್ಡಿನವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. 1980ರ ದಶಕದ ನಡುವಿನವರೆಗೂ ಅಮೆರಿಕದಲ್ಲಿ ಬೆರಳೆಣಿಕೆಯಷ್ಟು ಬೆಟ್ಟಗಳಲ್ಲಿ ಮಾತ್ರ ಅವರಿಗೆ ಲಿಫ್ಟು ಹತ್ತಲು ಬಿಡುತ್ತಿದ್ದರು. ಉಟಾದ ಆಲ್ಟಾ ಮತ್ತು ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಇಂದಿಗೂ ಬಿಡುವುದಿಲ್ಲ. ಆಲ್ಟಾದ ಮೇಲೆ 2014ರಲ್ಲಿ ಹೂಡಿದ ಮೊಕದ್ದಮೆಯೂ ಸೋತಿತು. ಹೊರಗೆ ನಿಲ್ಲಿಸಿಕೊಂಡವರು ತಮ್ಮದೇ ಲೋಕ ಕಟ್ಟಿಕೊಳ್ಳುತ್ತಾರೆ. ಬೋರ್ಡಿನವರೂ ಹಾಗೇ ಮಾಡಿದರು. ಅವರದೇ ಬಟ್ಟೆ, ಅವರದೇ ಪತ್ರಿಕೆ, ವಿಡಿಯೊ, 1990ರ ಸುಮಾರಿಗೆ ಅವರದೇ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಎಫ್.

ಆದರೆ ಒಲಿಂಪಿಕ್ಸ್ ಬಾಗಿಲು ತೆರೆದಾಗ ಬೀಗದ ಕೈ ಐಎಸ್‌ಎಫ್‌ಗೆ ಸಿಗಲಿಲ್ಲ. 1924ರಿಂದ ಇದ್ದ ಸ್ಕೀ ಸಂಸ್ಥೆ ಎಫ್‌ಐಎಸ್‌ಗೆ ಸಿಕ್ಕಿತು. ಒಲಿಂಪಿಕ್ ಸಮಿತಿಗೆ ಆಗಲೇ ಪರಿಚಯ ಇದ್ದದ್ದು ಅವರದೇ. ಇದರ ಪರಿಣಾಮ ಎರಡು ರೀತಿ ಆಯಿತು. ಒಂದು, ಆ ಕಾಲದ ಅತ್ಯುತ್ತಮ ಹಾಫ್‌ಪೈಪ್ ಆಟಗಾರ, ನಾರ್ವೆಯ ಟೆರ್ಯೆ ಹಾಕೊನ್ಸೆನ್, 1998ರ ನಾಗಾನೊ ಕೂಟಕ್ಕೆ ಬರುವುದಿಲ್ಲ ಎಂದು ದೂರ ಉಳಿದರು. ಇನ್ನೊಂದು, ಸ್ಕೀ ಸಂಸ್ಥೆಯವರಿಗೆ ಚೆನ್ನಾಗಿ ಗೊತ್ತಿದ್ದ ಗೇಟಿನ ರೇಸು, ಅಂದರೆ ಜೈಂಟ್ ಸ್ಲಾಲಮ್, ಹಾಫ್‌ಪೈಪ್ ಜೊತೆ ಮೊದಲ ಪಟ್ಟಿಯಲ್ಲೇ ಸೇರಿತು. ರೇಸು ಬೋರ್ಡಿನವರದೇ ಹಳೆಯ ಆಟವಾಗಿದ್ದರೂ ಆವತ್ತಿನಿಂದ ಅದರ ಮೇಲೆ ಸ್ಕೀಯವರ ಮುದ್ರೆ ಬಿತ್ತು. ಅದು ಹೊರಗಿನದು ಎಂಬ ಮಾತಿನ ಬೇರು ಇಲ್ಲಿದೆ.

ನಾಗಾನೊದಲ್ಲಿ ಸ್ನೋಬೋರ್ಡಿನ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಬಂದದ್ದು ಈ ರೇಸಿನಲ್ಲೇ. ಗೆದ್ದವರು ಕೆನಡಾದ ರಾಸ್ ರೆಬಾಲ್ಯಾಟಿ. ಅವರ ಪರೀಕ್ಷೆಯಲ್ಲಿ ಗಾಂಜಾ ಅಂಶ ಸಿಕ್ಕಿತು ಎಂದು ಪದಕ ಕಿತ್ತುಕೊಂಡರು. ನಿಯಮದಲ್ಲಿ ಅದನ್ನು ಸರಿಯಾಗಿ ನಿಷೇಧಿಸಿಯೇ ಇರಲಿಲ್ಲ ಎಂದು ಕೆಲವೇ ದಿನಗಳಲ್ಲಿ ವಾಪಸು ಕೊಟ್ಟರು. ಲೋಕದ ಬಹಳಷ್ಟು ಜನರಿಗೆ ಸ್ನೋಬೋರ್ಡಿಂಗ್ ಪರಿಚಯವಾದದ್ದು ಆ ಸುದ್ದಿಯಿಂದ. 2002ರಲ್ಲಿ ಒಬ್ಬೊಬ್ಬರಾಗಿ ಇಳಿಯುವ ಬದಲು ಇಬ್ಬರು ಅಕ್ಕಪಕ್ಕ ಇಳಿಯುವ ಈಗಿನ ರೂಪ ಬಂತು. ನೋಡುವವರಿಗೆ ಅದೇ ಚೆನ್ನ.

ಐಎಸ್‌ಎಫ್ 2002ರಲ್ಲಿ ಮುಚ್ಚಿಹೋಯಿತು. ಎಫ್‌ಐಎಸ್ ತನ್ನ ಹೆಸರಿಗೆ ಸ್ನೋಬೋರ್ಡ್ ಎಂಬ ಪದ ಸೇರಿಸಿಕೊಂಡದ್ದು 2022ರಲ್ಲಿ. ಆಟ ಒಲಿಂಪಿಕ್ಸ್‌ಗೆ ಸೇರಿ ಅಷ್ಟೊತ್ತಿಗೆ 24 ವರ್ಷ ಆಗಿತ್ತು.

ರೇಸು ಹಿಂದೆ ಬಿದ್ದದ್ದು ಹೇಗೆ

ಸುಮ್ನೆ ಯಾರೋ ಬೇಡ ಅಂದದ್ದರಿಂದ ಇದು ಆಗಲಿಲ್ಲ. ಈಗ ಗಟ್ಟಿ ಬೂಟಿನ ಕಥೆಗೆ ಬರೋಣ.

1980ರ ದಶಕದಲ್ಲಿ ಒಬ್ಬರೇ ಆಟಗಾರರು ಸ್ಲಾಲಮ್‌ನಲ್ಲೂ ಹಾಫ್‌ಪೈಪ್‌ನಲ್ಲೂ ಇಳಿಯುವುದು ಮಾಮೂಲಿ. ಸಮಯ ಉಳಿಸಲು ರೇಸಿನವರು ಬಿಗಿಯಾದ ಬೋರ್ಡು, ಗಟ್ಟಿ ಬೂಟಿನ ಕಡೆ ಹೋದರು. ಎತ್ತರಕ್ಕೆ ಹಾರುವವರಿಗೆ ಬಾಗುವ ಬೋರ್ಡು, ಮೆತ್ತನೆಯ ಬೂಟು ಬೇಕಾಯಿತು. ಸಾಮಾನು ಬೇರೆಯಾದ ಮೇಲೆ ಜನರೂ ಬೇರೆಯಾದರು. ಮೆತ್ತನೆಯ ಬೂಟಿನಲ್ಲಿ ನಡೆಯಬಹುದು, ಕಲಿಯುವುದು ಸುಲಭ, ಹೊಸ ಹಿಮದಲ್ಲೂ ಚೆನ್ನಾಗಿರುತ್ತದೆ. ಅಂಗಡಿಗಳು ಅದನ್ನೇ ಮಾರಿದವು. ವಿಡಿಯೊಗಳಲ್ಲೂ ಅದೇ ಕಾಣಿಸಿತು.

ಇದರ ಜೊತೆ ಇನ್ನೊಂದು ಪೆಟ್ಟು ಸ್ಕೀ ಕಡೆಯಿಂದಲೇ ಬಂತು. ಮೊದಲು ಸ್ಕೀಗಳು ಹೆಚ್ಚುಕಡಿಮೆ ನೆಟ್ಟಗಿದ್ದವು. ಅಂಚಿನ ಮೇಲೆ ನಿಂತು ದುಂಡಗೆ ಕೊಯ್ದುಕೊಂಡು ತಿರುಗುವ ಸುಖ ನಡು ಸಣ್ಣಗಿದ್ದ ಸ್ನೋಬೋರ್ಡಿನಲ್ಲೇ ಸುಲಭವಾಗಿ ಸಿಗುತ್ತಿತ್ತು. 1990ರ ದಶಕದಲ್ಲಿ ಸ್ಲೊವೇನಿಯಾದ ಎಲಾನ್ ಮುಂತಾದ ಕಂಪನಿಗಳು ಸ್ಕೀಗೂ ಅಂಥ ಸಣ್ಣ ನಡು ಕೊಟ್ಟವು. ಆ ತಿರುವನ್ನು ಬಯಸುವವರಿಗೆ ಈಗ ಬೋರ್ಡೇ ಬೇಕು ಅನ್ನುವ ಅಗತ್ಯ ಉಳಿಯಲಿಲ್ಲ. ದೊಡ್ಡ ಕಂಪನಿಗಳು ರೇಸಿನ ಬೋರ್ಡಿನಿಂದ ಕೈ ತೊಳೆದುಕೊಂಡವು. ಸ್ವಿಟ್ಜರ್ಲೆಂಡಿನ ಕೆಸ್ಲರ್‌ನಂಥ ಚಿಕ್ಕ ತಯಾರಕರು ಅದನ್ನು ಉಳಿಸಿಕೊಂಡು ಬಂದರು.

ಹೀಗೆ ಒಂದು ಸರಪಳಿ ಆಯಿತು. ಅಂಗಡಿಯಲ್ಲಿ ಇಲ್ಲದ್ದರಿಂದ ಹೊಸಬರು ಬರಲಿಲ್ಲ. ಹೊಸಬರು ಇಲ್ಲದ್ದರಿಂದ ಟಿವಿ ಮತ್ತು ಜಾಹೀರಾತಿನವರು ಬರಲಿಲ್ಲ. ಅವರು ಇಲ್ಲದ್ದರಿಂದ ಅಂಗಡಿಗೂ ಬರಲಿಲ್ಲ.

ಬೇಡ ಅನ್ನುವವರ ವಾದ

ಅಸಲಿ-ನಕಲಿ ಮಾತನ್ನು ಬದಿಗಿಟ್ಟರೆ, ಇವರ ಕಡೆ ಗಟ್ಟಿಯಾದ ಕಾರಣಗಳೂ ಇವೆ. ಚಳಿಗಾಲದ ಒಲಿಂಪಿಕ್ಸ್‌ಗೆ ಆಟಗಾರರ ಸಂಖ್ಯೆಯ ಮಿತಿ ಇದೆ, ಸುಮಾರು 2,900. ಹೊಸದು ಬರಬೇಕಾದರೆ ಹಳೆಯದು ಜಾಗ ಬಿಡಬೇಕು. 2026ರಲ್ಲಿ ಸ್ಕೀ ಮೌಂಟೆನಿಯರಿಂಗ್, ಅಂದರೆ ಬೆಟ್ಟ ಹತ್ತಿ ಸ್ಕೀ ಮೇಲೆ ಇಳಿಯುವ ಆಟ, ಒಳಗೆ ಬಂತು. ಬಾಗಿಲಲ್ಲಿ ಇನ್ನೂ ಆಟಗಳು ಕಾಯುತ್ತಿವೆ. ಇದೇ ಲೆಕ್ಕದಲ್ಲಿ ನಾರ್ಡಿಕ್ ಕಂಬೈನ್ಡ್ (ಸ್ಕೀ ಜಿಗಿತ ಮತ್ತು ಸ್ಕೀ ಓಟ ಎರಡೂ ಸೇರಿದ್ದು) ಎಂಬ ನೂರು ವರ್ಷ ಹಳೆಯ ಒಲಿಂಪಿಕ್ ಆಟದ ಮೇಲೂ ಕತ್ತಿ ತೂಗುತ್ತಿದೆ.

ಒಲಿಂಪಿಕ್ ಸಮಿತಿಗೆ ಹುಡುಗ ಹುಡುಗಿಯರು ನೋಡಬೇಕು ಎಂಬ ಆಸೆ ಜಾಸ್ತಿ. ಸ್ನೋಬೋರ್ಡನ್ನು ಒಳಗೆ ತಂದ ಉದ್ದೇಶವೇ ಅದು. ರೇಸಿನಲ್ಲಿ ವಯಸ್ಸು ಏರುತ್ತಿರುವುದು ಎದ್ದು ಕಾಣುತ್ತದೆ. ಇಟಲಿಯ ರೋಲಾಂಡ್ ಫಿಶ್‌ನಾಲರ್ 2002ರಿಂದ 2022ರವರೆಗೆ ಆರು ಒಲಿಂಪಿಕ್ಸ್ ಆಡಿದರು. ಆಸ್ಟ್ರಿಯಾದ ಕ್ಲೌಡಿಯಾ ರೀಗ್ಲರ್ 2022ರ ಬೀಜಿಂಗ್‌ನಲ್ಲಿ ಇಳಿದಾಗ ಅವರಿಗೆ 48 ವರ್ಷ. ಅವರ ಛಲಕ್ಕೆ ಕೈ ಮುಗಿಯಬೇಕು. ಆದರೆ ಹಿಂದೆ ಬರುವವರು ಕಡಿಮೆ ಇದ್ದಾರಾ ಎಂಬ ಪ್ರಶ್ನೆಯನ್ನೂ ಅದು ಎತ್ತುತ್ತದೆ. ಈ ಪ್ರಶ್ನೆ ನ್ಯಾಯವಾದದ್ದೇ.

ಬೇಕು ಅನ್ನುವವರ ವಾದ

ಮೊದಲನೆಯದು ಖರ್ಚು. ಇಂದಿನ ಒಲಿಂಪಿಕ್ ಹಾಫ್‌ಪೈಪ್‌ನ ಗೋಡೆ ಸುಮಾರು 6.7 ಮೀಟರ್ ಎತ್ತರ. ಅದನ್ನು ಕಡೆಯಲು ವಿಶೇಷ ಯಂತ್ರ, ಬೆಟ್ಟದಷ್ಟು ಹಿಮ, ಇಡೀ ಋತು ನೋಡಿಕೊಳ್ಳುವ ಜನ ಬೇಕು. ಜಗತ್ತಿನಲ್ಲಿ ಅಂಥವು ತೀರಾ ಕಡಿಮೆ. ರೇಸಿಗೆ ಒಂದು ಒಳ್ಳೆಯ ಇಳಿಜಾರು, ಗೇಟು, ಗಡಿಯಾರ ಸಾಕು. ಕೂಟ ಮುಗಿದ ಮೇಲೆ ಗೇಟು ಕಿತ್ತರೆ ಅದು ಮತ್ತೆ ಎಲ್ಲರ ಇಳಿಜಾರು.

ಎರಡನೆಯದು ಇದರ ಫಲ. ದೊಡ್ಡ ಹಾಫ್‌ಪೈಪ್ ಇಲ್ಲದ ದೇಶಗಳೂ ರೇಸಿನಲ್ಲಿ ಗೆಲ್ಲುತ್ತವೆ. ಬೀಜಿಂಗ್‌ನಲ್ಲಿ ಇದರ ಆರು ಪದಕಗಳಲ್ಲಿ ಎರಡು ಸ್ಲೊವೇನಿಯಾಕ್ಕೆ ಹೋದವು. ಟಿಮ್ ಮಸ್ಟ್ನಾಕ್ ಬೆಳ್ಳಿ, ಗ್ಲೋರಿಯಾ ಕೊಟ್ನಿಕ್ ಕಂಚು. 2018ರಲ್ಲಿ ದಕ್ಷಿಣ ಕೊರಿಯಾದ ಲೀ ಸಾಂಗ್-ಹೋ ಗೆದ್ದ ಬೆಳ್ಳಿ, ಸ್ಕೀ ಮತ್ತು ಸ್ನೋಬೋರ್ಡ್ ಎರಡನ್ನೂ ಸೇರಿಸಿದರೂ ಆ ದೇಶಕ್ಕೆ ಮೊದಲ ಒಲಿಂಪಿಕ್ ಪದಕ. ಹೆಚ್ಚು ದೇಶಗಳು ಗೆಲ್ಲಬೇಕು ಎಂದು ಒಲಿಂಪಿಕ್ ಸಮಿತಿಯೇ ಹೇಳುತ್ತದೆ. ಆ ಅಳತೆಯಲ್ಲಿ ರೇಸು ಚೆನ್ನಾಗಿಯೇ ನಿಲ್ಲುತ್ತದೆ.

ಮೂರನೆಯದು ತೀರ್ಪು. ಬೀಜಿಂಗ್‌ನ ಸ್ಲೋಪ್‌ಸ್ಟೈಲ್‌ನಲ್ಲಿ, ಅಂದರೆ ಇಳಿಜಾರಿನ ದಿಬ್ಬಗಳ ಮೇಲಿಂದ ಜಿಗಿದು ತೀರ್ಪುಗಾರರಿಂದ ಅಂಕ ಪಡೆಯುವ ಸ್ಪರ್ಧೆಯಲ್ಲಿ, ಕೆನಡಾದ ಮ್ಯಾಕ್ಸ್ ಪರೋ ಚಿನ್ನ ಗೆದ್ದರು. ಒಂದು ಜಿಗಿತದಲ್ಲಿ ಅವರ ಕೈ ಬೋರ್ಡಿನ ಬದಲು ಮೊಣಕಾಲನ್ನು ಹಿಡಿದದ್ದು ಟಿವಿಯಲ್ಲಿ ನೋಡಿದವರಿಗೆ ಕಂಡಿತು. ತೀರ್ಪುಗಾರರಿಗೆ ಸಿಕ್ಕ ಕ್ಯಾಮೆರಾ ಕೋನದಲ್ಲಿ ಅದು ಕಾಣಲಿಲ್ಲ. ಬೆಳ್ಳಿ ಚೀನಾದ ಸು ಯಿಮಿಂಗ್‌ಗೆ. ಹಾಫ್‌ಪೈಪ್‌ನಲ್ಲಿ ಜಪಾನಿನ ಅಯುಮು ಹಿರಾನೊ ಎರಡನೇ ಇಳಿತದಲ್ಲಿ ಅದ್ಭುತ ಆಟ ಆಡಿ 91.75 ಪಡೆದಾಗ ವೀಕ್ಷಕ ವಿವರಣೆಕಾರರೇ ಸಿಟ್ಟಾದರು. ಮೂರನೇ ಇಳಿತದಲ್ಲಿ 96 ಗಳಿಸಿ ಅವರು ಚಿನ್ನ ಗೆದ್ದರು. ರೇಸಿನಲ್ಲಿ ಇಂಥ ಅನುಮಾನಕ್ಕೆ ಎಡೆ ಕಡಿಮೆ.

ಇನ್ನು ಎಸ್ತೆರ್ ಲೆಡೆಟ್ಸ್ಕಾ. ಚೆಕ್ ದೇಶದ ಈಕೆ 2018ರಲ್ಲಿ ಸ್ಕೀ ಹಾಕಿ ಸೂಪರ್-ಜಿ ಎಂಬ ವೇಗದ ರೇಸನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಗೆದ್ದರು. ಒಂದು ವಾರದಲ್ಲಿ ಬೋರ್ಡು ಹಾಕಿ ಪ್ಯಾರಲಲ್ ಜೈಂಟ್ ಸ್ಲಾಲಮ್ ಕೂಡ ಗೆದ್ದರು. ಒಂದೇ ಚಳಿಗಾಲದ ಕೂಟದಲ್ಲಿ ಸ್ಕೀ ಮೇಲೂ ಬೋರ್ಡ್ ಮೇಲೂ ಚಿನ್ನ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ರೇಸಿಗೆ ಇದಕ್ಕಿಂತ ಒಳ್ಳೆಯ ಮುಖ ಬೇಕೇ? ಆದರೂ 2026ರ ವೇಳಾಪಟ್ಟಿಯಲ್ಲಿ ಹೆಂಗಸರ ಡೌನ್‌ಹಿಲ್ ಸ್ಕೀ ಮತ್ತು ಈ ರೇಸನ್ನು ಒಂದೇ ದಿನ, ಬೇರೆ ಬೇರೆ ಊರಿನಲ್ಲಿ ಇಟ್ಟರು. ಒಂದನ್ನು ಆರಿಸಿಕೊಳ್ಳಬೇಕಾಯಿತು. ಅವರು ಬೋರ್ಡನ್ನೇ ಆರಿಸಿಕೊಂಡರು. ಜನ ನೋಡುವುದಿಲ್ಲ ಎಂದು ದೂರುವ ಮೊದಲು, ನೋಡುವಂತೆ ಮಾಡಲು ಎಷ್ಟು ಪ್ರಯತ್ನ ಪಟ್ಟೆವು ಎಂದು ಸಂಘಟಕರು ಕೇಳಿಕೊಳ್ಳಬೇಕು.

ತೆಗೆದರೆ ಮುಂದೇನು

ವಿಶ್ವಕಪ್ ರೇಸುಗಳು ಮರುದಿನವೇ ನಿಲ್ಲುವುದಿಲ್ಲ. ಪೆಟ್ಟು ಹಣದ ಕಡೆಯಿಂದ ಬರುತ್ತದೆ. ಬಹಳಷ್ಟು ದೇಶಗಳಲ್ಲಿ ಕ್ರೀಡಾ ಅನುದಾನ ಒಲಿಂಪಿಕ್ ಪದಕಕ್ಕೆ ಕಟ್ಟಿಹಾಕಿದ ಹಣ. ಪದಕ ಇಲ್ಲ ಅಂದರೆ ಕೋಚ್ ಇಲ್ಲ, ಪ್ರಯಾಣದ ಖರ್ಚಿಲ್ಲ.

ಇದು ಬರಿಯ ಊಹೆ ಅಲ್ಲ, ಅಮೆರಿಕದಲ್ಲಿ ಆಗಿ ಹೋಗಿದೆ. 2010ರ ವ್ಯಾಂಕೂವರ್ ಕೂಟದ ನಂತರ ಅಲ್ಲಿನ ಸಂಸ್ಥೆ ರೇಸಿನ ಆಟಗಾರರಿಗೆ ಬೆಂಬಲ ನಿಲ್ಲಿಸಿತು. ವಿಕ್ ವೈಲ್ಡ್ ಎಂಬ ಅಮೆರಿಕನ್ ರೇಸರ್ 2011ರಲ್ಲಿ ರಷ್ಯಾದ ಸ್ನೋಬೋರ್ಡರ್ ಅಲ್ಯೋನಾ ಝವಾರ್ಜಿನಾರನ್ನು ಮದುವೆಯಾಗಿ ಆ ದೇಶದ ಪರ ಆಡತೊಡಗಿದರು. 2014ರ ಸೋಚಿಯಲ್ಲಿ ರಷ್ಯಾಕ್ಕೆ ಎರಡು ಚಿನ್ನ ಗೆದ್ದುಕೊಟ್ಟರು. ವೈಲ್ಡ್ ಅವರಿಗೆ ಹೋಗಲು ಇನ್ನೊಂದು ದೇಶ ಇತ್ತು. ಒಲಿಂಪಿಕ್ಸೇ ರೇಸನ್ನು ಬಿಟ್ಟರೆ ಹಾಗೆ ಹೋಗಲು ಎಲ್ಲೂ ಜಾಗ ಇರುವುದಿಲ್ಲ.

ಕಸರತ್ತಿನ ಆಟಗಾರರ ಸ್ಥಿತಿ ಬೇರೆ. ಅವರಿಗೆ 1997ರಿಂದ ಚಳಿಗಾಲದ ಎಕ್ಸ್ ಗೇಮ್ಸ್ ಎಂಬ ಸಾಹಸ ಆಟಗಳ ಕೂಟ ಇದೆ. ಹಾಫ್‌ಪೈಪ್‌ನ ಒಲಿಂಪಿಕ್ ಚಾಂಪಿಯನ್ ಆಗಿದ್ದ ಶಾನ್ ವೈಟ್ 2025ರಲ್ಲಿ ಶುರುಮಾಡಿದ ಸ್ನೋ ಲೀಗ್ ಇದೆ. ಅದರ ಕೊನೆಯ ಸುತ್ತುಗಳಲ್ಲಿ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಸೋತವರನ್ನು ಹೊರಗೆ ಕಳಿಸುತ್ತಾರೆ. ಜನ ಜೋಡಿ ಸ್ಪರ್ಧೆಯನ್ನು ಇಷ್ಟಪಡುತ್ತಾರೆ ಎಂಬುದು ಅದನ್ನು ಕಟ್ಟಿದವರಿಗೂ ಗೊತ್ತು. ಒಲಿಂಪಿಕ್ಸ್ ಇಲ್ಲದಿದ್ದರೂ ಹಾಫ್‌ಪೈಪ್ ಬದುಕುತ್ತದೆ. ರೇಸಿಗೆ ಅಂಥ ಇನ್ನೊಂದು ಮನೆ ಇಲ್ಲ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದರೆ ಆಗುವ ನಷ್ಟ ಮಾತ್ರ ಒಂದೇ ಆಗಿರುವುದಿಲ್ಲ.

ಇನ್ನೊಂದು ಸಂಗತಿ ಹಾಫ್‌ಪೈಪ್ ಕಡೆಯವರೂ ಗಮನಿಸಬೇಕು. ಈ ರೇಸಿನಲ್ಲಿ ಗಂಡಸರಿಗೆ 32, ಹೆಂಗಸರಿಗೆ 32 ಜಾಗ ಇವೆ. ರೇಸು ಹೋದರೆ ಆ 64 ಜಾಗ ಸ್ನೋಬೋರ್ಡಿನ ಬೇರೆ ಸ್ಪರ್ಧೆಗಳಿಗೇ ಬರುತ್ತವೆ ಎಂಬ ಖಾತ್ರಿ ಇಲ್ಲ. ಬಾಗಿಲಲ್ಲಿ ಕಾಯುತ್ತಿರುವವರಲ್ಲಿ ಬೋರ್ಡಿನವರಿಗಿಂತ ಬೇರೆಯವರೇ ಜಾಸ್ತಿ.